ಇಂಗ್ಲಿಷ್ ಪಠ್ಯದಲ್ಲಿ ಯಾರ ಸಂಸ್ಕೃತಿ ಶೇಕಡಾ ಎಷ್ಟು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ, ಕೇಳುವವರ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಪಠ್ಯಪುಸ್ತಕ ಪರಿಶೀಲನಾ ಸಮಿತಿಯಲ್ಲಿದ್ದೇನೆ. ಇಂಗ್ಲಿಷ್ ಕಲಿಯುವ ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್ ಮನೆಮಾತಿನ ದೇಶಗಳ ಸಂಸ್ಕೃತಿ ಎಷ್ಟು, ಕಲಿಯುವವರದ್ದು ಎಷ್ಟು, ಉಳಿದ ದೇಶಗಳದ್ದು ಎಷ್ಟು ಇರಬೇಕು? ಶೇಕಡಾ ಲೆಕ್ಕದಲ್ಲಿ ಹೇಳಿದರೆ ಎಣಿಸಲು ಅನುಕೂಲ.

ಉತ್ತರ: ಹೇಳುವುದಿಲ್ಲ. ಅಂಥ ಲೆಕ್ಕ ಯಾರ ಹತ್ತಿರವೂ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ. ನೀವು ಹೇಳಿದ ಮೂರು ಬಗೆ ಇದೆಯಲ್ಲ, ಅದು ಕಾರ್ಟಾಜಿ ಮತ್ತು ಜಿನ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಮಾಡಿದ ವಿಂಗಡಣೆ. ಪುಸ್ತಕದಲ್ಲಿ ಏನಿದೆ ಅಂತ ಗುರುತಿಸಲು ಒಳ್ಳೆಯದೇ. ಆಮೇಲೆ ಬಂದವರು ಅದನ್ನು ತಕ್ಕಡಿ ಮಾಡಿಕೊಂಡರು. ಈಗ ಎಷ್ಟೋ ಜನ ಹೆಸರು, ಬಾವುಟ, ಫೋಟೊ ಎಣಿಸಿ, ಒಂದು ಕೋಷ್ಟಕ ಹಾಕಿ, ಸಂಶೋಧನೆ ಮುಗಿಯಿತು ಅಂತ ಕೈತೊಳೆದುಕೊಳ್ಳುತ್ತಾರೆ.

ಎಣಿಕೆ ಹೇಗೆ ಮೋಸ ಮಾಡುತ್ತದೆ ಅನ್ನುವುದಕ್ಕೆ ನನ್ನದೇ ಪುಸ್ತಕ ಸಾಕ್ಷಿ. ಹನ್ನೆರಡು ಪಾಠ. ಸಮಿತಿ ಎಣಿಸಿ ಸೈ ಅಂದಿತು: ಬೇರೆ ಬೇರೆ ದೇಶದ ಮಕ್ಕಳಿದ್ದಾರೆ, ಗಂಡು ಹೆಣ್ಣು ಸಮ ಸಮ ಇದ್ದಾರೆ, ಗಾಲಿಕುರ್ಚಿಯ ಹುಡುಗಿಯೊಬ್ಬಳು ಎಲ್ಲ ಗುಂಪು ಚಿತ್ರದಲ್ಲೂ ಇದ್ದಾಳೆ. ಪುಸ್ತಕ ತರಗತಿಗೆ ಹೋಗಿ ಒಂದು ವರ್ಷವಾದ ಮೇಲೆ ಟೀಚರ್ ಒಬ್ಬರು ಕೇಳಿದರು, "ಸರ್, ಆ ಹುಡುಗಿಗೆ ಮಾತು ಬರಲ್ವಾ?" ತಿರುವಿ ನೋಡಿದೆ. ಅವಳದ್ದು ಒಂದೇ ಒಂದು ವಾಕ್ಯವಿಲ್ಲ. ಎಲ್ಲರೂ ಅವಳ ಸುತ್ತ ನಿಂತು ನಗುತ್ತಿದ್ದಾರೆ. ತಪ್ಪು ನನ್ನದು. ಆದರೆ ಎಣಿಕೆಯಲ್ಲಿ ಅವಳಿಗೆ ಪೂರ್ತಿ ಅಂಕ ಸಿಕ್ಕಿತ್ತು!

ಎಣಿಸಲೇಬೇಕು ಅಂದರೆ ಮಾತು ಎಣಿಸಿ. ಯಾರು ಕೇಳುತ್ತಾರೆ, ಯಾರು ವಿವರಿಸುತ್ತಾರೆ, ಯಾರು ಬರೀ ಥ್ಯಾಂಕ್ಸ್ ಹೇಳುತ್ತಾರೆ, ಸಾರಿ ಯಾರ ಪಾಲಿಗೆ ಬಂದಿದೆ. ಡಾಕ್ಟರ್ ಯಾರು, ಟ್ಯಾಕ್ಸಿ ಓಡಿಸುವವರು ಯಾರು. ಪ್ರವಾಸಿ ಯಾವಾಗಲೂ ಒಂದೇ ಬಣ್ಣದವನು, ದಾರಿ ತೋರಿಸುವವನು ಯಾವಾಗಲೂ ಇನ್ನೊಂದು ಬಣ್ಣದವನು ಆಗಿದ್ದರೆ ಇಬ್ಬರ ಸಂಖ್ಯೆ ಸಮ ಇದ್ದು ಏನು ಬಂತು?

ಇನ್ನೊಂದು ಕೆಲಸ ಮಾಡಿ. ಸಂಭಾಷಣೆಯಲ್ಲಿ ಜಾನ್ ಅನ್ನು ಹೊಡೆದುಹಾಕಿ ಅಮೀನಾ ಅಂತ ಬರೆಯಿರಿ. ಒಂದಕ್ಷರವೂ ಕದಲದೆ ಮಾತು ಹಾಗೇ ಸಾಗಿದರೆ ಅಲ್ಲಿ ಸಂಸ್ಕೃತಿ ಇರಲೇ ಇಲ್ಲ, ಬರೀ ಹೆಸರಿತ್ತು. ಸಂಸ್ಕೃತಿ ಕೂತಿರುವುದು ಮಾತಾಡುವ ರೀತಿಯಲ್ಲಿ. ಯಾರೋ ಕರೆದಾಗ ಬರಲ್ಲ ಅಂತ ನೇರ ಹೇಳಬಹುದಾ, ಸುತ್ತಿ ಬಳಸಿ ಹೇಳಬೇಕಾ? ಹೊಗಳಿದರೆ ಒಪ್ಪಿಕೊಳ್ಳಬೇಕಾ, ಅಲ್ಲಗಳೆಯಬೇಕಾ? ಇದನ್ನು ಬಿಟ್ಟು ಪುಸ್ತಕಗಳು ಮೊದಲ ವಾರವೇ "ಹೌ ಓಲ್ಡ್ ಆರ್ ಯೂ?" ಅಂತ ಎಲ್ಲರ ಬಾಯಲ್ಲೂ ಗಿಳಿಪಾಠ ಮಾಡಿಸುತ್ತವೆ. ಇಂಗ್ಲಿಷ್ ಮನೆಮಾತಿನ ಎಷ್ಟೋ ಜನ ಪರಿಚಯವಿಲ್ಲದ ದೊಡ್ಡವರ ವಯಸ್ಸು ಕೇಳುವುದೇ ಇಲ್ಲ, ಕೇಳಿದರೆ ಮುಖ ಸಿಂಡರಿಸುತ್ತಾರೆ. ವ್ಯಾಕರಣ ಸರಿ ಇದ್ದೂ ಮಾತು ಕೆಡುತ್ತದೆ.

ಹಾಗಾದರೆ ಕಲಿಯುವವರ ಸ್ವಂತ ಬದುಕು ಪುಸ್ತಕದಲ್ಲಿ ಬೇಡವಾ? ಬೇಕು. ತಿಳಿದ ಲೋಕದ ಬಗ್ಗೆ ಓದುವುದು ಸುಲಭ. 1979ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಭಾರತದವರಿಗೂ ಅಮೆರಿಕದವರಿಗೂ ಎರಡು ಪತ್ರ ಓದಲು ಕೊಟ್ಟಿದ್ದರು: ಒಂದು ಭಾರತದ ಮದುವೆಯದ್ದು, ಒಂದು ಅಮೆರಿಕದ ಮದುವೆಯದ್ದು. ಎರಡೂ ಇಂಗ್ಲಿಷಿನಲ್ಲೇ. ಅವರವರ ಕಡೆಯ ಮದುವೆಯನ್ನು ಅವರವರು ಬೇಗ ಓದಿದರು, ಜಾಸ್ತಿ ನೆನಪಿಟ್ಟುಕೊಂಡರು. ಅಮೆರಿಕದ ಮದುಮಗಳು ಅಜ್ಜಿಯ ಮದುವೆ ಉಡುಪು ತೊಟ್ಟಿದ್ದಳು. ಭಾರತದ ಓದುಗರೊಬ್ಬರು ಅದನ್ನು ಹಳೇದಾದ, ಫ್ಯಾಷನ್ ಹೋದ ಬಟ್ಟೆ ಅಂತ ಅರ್ಥ ಮಾಡಿಕೊಂಡರು. ಅಲ್ಲಿ ಅದು ಹೆಮ್ಮೆಯ ವಿಷಯ. ಡಿಕ್ಷನರಿ ತೆಗೆದರೆ ಇದು ಗೊತ್ತಾಗುತ್ತಾ?

ಆದರೆ ಸ್ವಂತ ಸಂಸ್ಕೃತಿಯ ಪಾಠ ಬರೆಯುವವರು ಒಂದು ತಪ್ಪು ಮಾಡುತ್ತಾರೆ. ಮಕ್ಕಳಿಗೆ ಗೊತ್ತಿರುವುದನ್ನೇ ಮಕ್ಕಳಿಗೆ ಹೇಳುತ್ತಾರೆ. ಪಾತ್ರಗಳೂ ಅಷ್ಟೇ, ಇಬ್ಬರಿಗೂ ಗೊತ್ತಿರುವ ಹಬ್ಬವನ್ನು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ವಿವರಿಸುತ್ತಾ ಕೂತಿರುತ್ತಾರೆ. ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಅಲ್ಲಿಗೆ ಗೊತ್ತಿಲ್ಲದವನೊಬ್ಬ ಬರಲಿ. ಕೇಳಲಿ, ತಪ್ಪು ತಿಳಿಯಲಿ, "ಹಾಗಲ್ಲ ಮಾರಾಯ" ಅಂತ ತಿದ್ದಬೇಕಾಗಿ ಬರಲಿ. ಆಗ ಮಗುವಿಗೆ ಇಂಗ್ಲಿಷಿನ ಅಗತ್ಯ ಬೀಳುತ್ತದೆ. ಬರುವವನು ಲಂಡನ್ನಿನವನೇ ಆಗಬೇಕಿಲ್ಲ. ಭಾಷಾವಿಜ್ಞಾನಿ ಬ್ರಜ್ ಕಚ್ರು ಇಂಗ್ಲಿಷಿನ ಮೂರು ವೃತ್ತ ಬರೆದು ತೋರಿಸಿದ್ದು 1985ರಲ್ಲಿ: ಮನೆಮಾತಿನವರು, ಎರಡನೇ ಭಾಷೆಯಾಗಿ ಬಳಸುವವರು, ಪರಭಾಷೆಯಾಗಿ ಕಲಿಯುವವರು. ಮನೆಮಾತಿನವರಿಗಿಂತ ಉಳಿದವರೇ ಜಾಸ್ತಿ. ಬ್ರೆಜಿಲಿನವಳೊಬ್ಬಳು ಜಪಾನಿನವನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುವುದು ದಿನನಿತ್ಯದ ಮಾತು. ಪುಸ್ತಕದಲ್ಲಿ ಮಾತ್ರ ಅಪರೂಪ.

ಪ್ರಶ್ನೆ: ಈ ಪುಸ್ತಕಗಳಲ್ಲಿ ಎಲ್ಲರೂ ಸುಖವಾಗಿರುತ್ತಾರೆ. ಬಡವರಿಲ್ಲ, ಜಗಳವಿಲ್ಲ. ಯಾಕೆ?

ಉತ್ತರ: ಮಾರಾಟ. ಒಂದೇ ಪುಸ್ತಕ ಹತ್ತಾರು ದೇಶಗಳಲ್ಲಿ ಹೋಗಬೇಕು. ಅದಕ್ಕೆ ಪ್ರಕಾಶನ ವಲಯದಲ್ಲಿ ಪಾರ್ಸ್ನಿಪ್ ಅನ್ನುವ ಮಾತಿದೆ. ರಾಜಕೀಯ, ಮದ್ಯ, ಧರ್ಮ, ಲೈಂಗಿಕತೆ, ಮಾದಕವಸ್ತು, ಸಿದ್ಧಾಂತಗಳು, ಹಂದಿಮಾಂಸ, ಇವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿದ್ದು. ಇಷ್ಟನ್ನೂ ತೆಗೆದ ಮೇಲೆ ಉಳಿಯುವುದು ಶಾಪಿಂಗ್ ಮತ್ತು ಪ್ರವಾಸ. ಯಾರಿಗೂ ನೋವಾಗಬಾರದು ಅಂತ ಬರೆದ ಪಾಠದ ಬಗ್ಗೆ ಮಾತಾಡಲು ಯಾರಿಗೂ ಏನೂ ಇರುವುದಿಲ್ಲ.

ಪ್ರಶ್ನೆ: ಬೇರೆಯವರ ಹಬ್ಬದ ಪಾಠ ಓದಿದರೆ ಮಕ್ಕಳು ತಮ್ಮತನ ಮರೆಯುವುದಿಲ್ಲವೇ?

ಉತ್ತರ: ಒಂದು ಪಾಠಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲರಿಗೂ ಇಂಗ್ಲಿಷ್ ಬಂದಿರಬೇಕಿತ್ತು.

ಪ್ರಶ್ನೆ: "ಇಂಗ್ಲಿಷಿನವರ ಹಾಗೆ ಯೋಚಿಸಿ, 30 ದಿನದಲ್ಲಿ ನಿರರ್ಗಳ" ಅನ್ನುವ ಕೋರ್ಸ್ ಸೇರಲೇ?

ಉತ್ತರ: ಯಾವ ಇಂಗ್ಲಿಷಿನವರ ಹಾಗೆ? ಅದನ್ನು ಕೋರ್ಸಿನವರನ್ನೇ ಕೇಳಿ, ದುಡ್ಡು ಕೊಡುವ ಮುಂಚೆ.

ಪ್ರಶ್ನೆ: ಪುಸ್ತಕ ಬದಲಿಸುವ ಅಧಿಕಾರ ನಮ್ಮಂಥ ಟೀಚರುಗಳಿಗಿಲ್ಲ. ಏನು ಮಾಡುವುದು?

ಉತ್ತರ: ಪುಸ್ತಕ ಹಾಗೇ ಇರಲಿ. ಸುಮ್ನೆ ಚಿತ್ರದಲ್ಲಿ ನಿಂತಿರುವ ಒಬ್ಬರನ್ನು ಆರಿಸಿ, ಅವರಿಗೆ ಎರಡು ವಾಕ್ಯ ಬರೆಯಲು ಮಕ್ಕಳಿಗೆ ಹೇಳಿ. ನನ್ನ ಪುಸ್ತಕದ ಹುಡುಗಿಗೆ ಆ ಟೀಚರ್ ತರಗತಿಯ ಮಕ್ಕಳೇ ಮಾತು ಬರೆದರು. ಅವಳ ಮೊದಲ ವಾಕ್ಯ: "ಪ್ಲೀಸ್ ಮೂವ್, ಐ ಕಾಂಟ್ ಸೀ."