ತುಂಬುತ್ತಿರುವ ಕೊಡವನ್ನು ನಿಲ್ಲಿಸುವವರು ಯಾರು?

ಪ್ರಶ್ನೆ: ಕಾಲೇಜಿನ ಸ್ಪರ್ಧೆಗಾಗಿ ಮಾತು, ಸಂಗೀತ ಎರಡೂ ಇಲ್ಲದ 5 ನಿಮಿಷದ ಧ್ವನಿರೂಪಕವೊಂದನ್ನು ಮನೆಯ ಸದ್ದುಗಳಿಂದಲೇ ಸಿದ್ಧಪಡಿಸಬೇಕಾಗಿದೆ. ಬಾಗಿಲು ಕಿರುಗುಟ್ಟುವುದು, ನಾಯಿ ಊಳಿಡುವುದು, ಗುಡುಗು ಎಲ್ಲವನ್ನೂ ಸೇರಿಸಿದರೂ ಕೇಳಿದವರಲ್ಲಿ ಮುಂದೇನೆಂಬ ಕಾತರ ಹುಟ್ಟಲಿಲ್ಲ. ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ನೀವು ಆರಿಸಿಕೊಂಡಿರುವ ಸದ್ದುಗಳು ಭಯವನ್ನು ಮೊದಲೇ ಸಾರಿಬಿಡುತ್ತವೆ; ಕೇಳುಗನು ಊಹಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕಾತರ ಹುಟ್ಟುವುದು, ಕೇಳುಗನಿಗೆ ಚೆನ್ನಾಗಿ ಗೊತ್ತಿರುವ ಸದ್ದೊಂದು ಮುಗಿಯಬೇಕಾದ ಹೊತ್ತಿಗೆ ಮುಗಿಯದೆ ಹೋದಾಗ. ಆದ್ದರಿಂದ ಮುಗಿಯುವ ಹೊತ್ತು ತಾನಾಗಿಯೇ ತಿಳಿಯುವಂಥ ಒಂದು ಸದ್ದನ್ನು ಮೊದಲು ಹುಡುಕಿರಿ.

ನಲ್ಲಿಯ ಕೆಳಗಿಟ್ಟ ಸ್ಟೀಲ್ ಕೊಡ ಅಂಥದ್ದು. ನೀರು ಏರಿದಂತೆ ಒಳಗಿನ ಗಾಳಿಯ ಜಾಗ ಕಿರಿದಾಗುವುದರಿಂದ ಸದ್ದಿನ ಸ್ಥಾಯಿ ಮೇಲೇರುತ್ತದೆ, ಕೊನೆಯಲ್ಲಂತೂ ಬೇಗಬೇಗನೆ ಏರುತ್ತದೆ. ಒಳಕೋಣೆಯಲ್ಲಿರುವವರೂ ಅದನ್ನು ಕೇಳಿಯೇ ನಲ್ಲಿ ನಿಲ್ಲಿಸಲು ಎದ್ದು ಬರುತ್ತಾರೆ. 10 ಲೀಟರಿನ ಕೊಡಕ್ಕೆ ನಿಮಿಷಕ್ಕೆ 5 ಲೀಟರ್ ಬೀಳುವಂತೆ ನಲ್ಲಿ ತಿರುಗಿಸಿದರೆ ನಿಮಗೆ 2 ನಿಮಿಷದ ಗಡಿಯಾರವೇ ಸಿಕ್ಕಂತಾಯಿತು.

ಈಗ ಒಂದು ಹಾಳೆಯಲ್ಲಿ ಸೆಕೆಂಡುಗಳ ಲೆಕ್ಕ ಬರೆಯಿರಿ. ಮೊದಲ 40 ಸೆಕೆಂಡು ರಾತ್ರಿಯ ಅಡುಗೆಮನೆ: ಫ್ರಿಜ್ಜಿನ ಗುಂಯ್‌ಗುಡುವಿಕೆ, ಒಬ್ಬಾಕೆಯ ಹವಾಯಿ ಚಪ್ಪಲಿಯ ಪಟಪಟ, ಕೊಡವಿಟ್ಟು ನಲ್ಲಿ ತಿರುಗಿಸುವುದು. ಚಪ್ಪಲಿಯ ಸದ್ದು ಒಳಗೆ ಹೋಗಲಿ. ಎರಡನೆಯ ನಿಮಿಷ ಮುಗಿಯುವಾಗ ದೂರದಲ್ಲಿ ಗೇಟು, ಮತ್ತೆ ಚಪ್ಪಲಿ, ಬಾಗಿಲ ಚಿಲಕ. ಅನಂತರ ಆಕೆಯ ಸುಳಿವೇ ಇರಬಾರದು. 2 ನಿಮಿಷ 40 ಸೆಕೆಂಡಿಗೆ ಕೊಡ ತುಂಬಿ ನೀರು ನೆಲಕ್ಕೆ ಹರಿಯತೊಡಗುತ್ತದೆ. ಅದನ್ನು ಪೂರಾ ಒಂದು ನಿಮಿಷ ಹರಿಯಲು ಬಿಡಿ. ಸಂಕಲನದಲ್ಲಿ ಇದು ಉದ್ದವಾಯಿತೆನಿಸಿ ಕತ್ತರಿಸುವ ಆಸೆಯಾಗುತ್ತದೆ, ಆದರೆ ನಿಮ್ಮ ರೂಪಕದ ಜೀವವಿರುವುದು ಆ ಒಂದು ನಿಮಿಷದಲ್ಲಿ.

ಮೈಕನ್ನು ಕೊಡದ ಬಳಿಯಿಂದ ಕದಲಿಸಬೇಡಿ, ಏಕೆಂದರೆ ಕೇಳುಗನು ನಿಂತಿರುವುದು ಅಲ್ಲಿ. ಬಾಗಿಲಲ್ಲಿ ಏನಾಯಿತೆಂದು ನೋಡಲು ಅವನು ಹೋಗಲಾರ. ಗೇಟಿನ ಸದ್ದನ್ನು ಹತ್ತಿರದಿಂದ ಮುದ್ರಿಸಿ ಆಮೇಲೆ ತಗ್ಗಿಸಿದರೆ ದೂರ ಮೂಡುವುದಿಲ್ಲ: ದೂರದ ಸದ್ದಿನಲ್ಲಿ ಗೋಡೆಗಳಿಂದ ಮರಳಿದ ಪಾಲು ಹೆಚ್ಚಿರುತ್ತದೆ, ಅದು ಮನೆಯಲ್ಲೇ ಮುದ್ರಣವಾಗಬೇಕು. ಕೊಡ, ಚಪ್ಪಲಿ, ಗೇಟುಗಳನ್ನು ಫ್ಯಾನು, ಫ್ರಿಜ್ಜು ಆರಿಸಿ ಮುದ್ರಿಸಿ, ಫ್ರಿಜ್ಜಿನ ಸದ್ದನ್ನು ಬೇರೆಯಾಗಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಜೋಡಿಸಿದ ಕಡೆಯೆಲ್ಲ ಗುಂಯ್‌ಗುಡುವಿಕೆ ತುಂಡಾಗಿ ಕೇಳಿಸುತ್ತದೆ. ಖಾಲಿ ಅಡುಗೆಮನೆಯ ನಿಶ್ಶಬ್ದವನ್ನೂ ಒಂದು ನಿಮಿಷ ಮುದ್ರಿಸಿಡಿ. ಮುದ್ರಣದ ಮಟ್ಟ ತೋರಿಸುವ ಮೀಟರಿನಲ್ಲಿ (ಅಲ್ಲಿ ಸೊನ್ನೆಯೇ ಗರಿಷ್ಠ) ಅತಿ ಜೋರಿನ ಸದ್ದೂ ಮೈನಸ್ 12 ಡೆಸಿಬೆಲ್ ದಾಟದಿದ್ದರೆ ಚಿಲಕದ ಹಠಾತ್ ಬಡಿತ ಒಡೆದು ಕರ್ಕಶವಾಗುವುದಿಲ್ಲ.

ಕೊನೆಗೆ ಹೆಜ್ಜೆಗಳು ನಿಧಾನವಾಗಿ ಮೈಕಿನತ್ತ ಬರಲಿ, ನಲ್ಲಿ ನಿಲ್ಲಲಿ. ಆ ಹೆಜ್ಜೆಗಳು ಹವಾಯಿ ಚಪ್ಪಲಿಯವಾಗಿರದೆ ಬೂಟಿನವಾಗಿರಬೇಕು. ಬಳಿಕ ಫ್ರಿಜ್ಜು ತಾನಾಗಿ ಸುಮ್ಮನಾಗಲಿ, ನೀವು ಮುದ್ರಿಸಿಟ್ಟ ನಿಶ್ಶಬ್ದವನ್ನು 10 ಸೆಕೆಂಡು ಕೇಳಿಸಿ ನಿಲ್ಲಿಸಿರಿ.