ಹಿಮೋಗ್ಲೋಬಿನ್ ಕಡಿಮೆ ಎಂದು ಒಮ್ಮೆ ವಾಪಸ್ ಕಳುಹಿಸಿದ ಮೇಲೆ ರಕ್ತದಾನ ಬಿಟ್ಟೇಬಿಟ್ಟೆ. ಇಷ್ಟು ವರ್ಷಗಳ ನಂತರ ಮತ್ತೆ ಕೊಡಬಹುದೇ?

ಧಾರಾಳವಾಗಿ ಕೊಡಬಹುದು. ಕಾಲೇಜಿನಲ್ಲಿದ್ದಾಗ ಎರಡು ಸಲ ಕೊಟ್ಟಿದ್ದೆ, ಮೂರನೆಯ ಸಲ ಬೇಡವೆಂದರು, ಆಮೇಲೆ ಆ ಕಡೆ ತಲೆ ಹಾಕಲಿಲ್ಲ ಎಂದು ಬರೆದಿದ್ದೀರಿ. ರಕ್ತದಾನ ಶಿಬಿರಗಳ ಸ್ವಯಂಸೇವಕನಾಗಿ ಹಳೆಯ ದಾನಿಗಳಿಗೆ ಕರೆ ಮಾಡುವವನು ನಾನು. ಕೊಡುವುದನ್ನು ನಿಲ್ಲಿಸಿದವರಲ್ಲಿ ಮನಸ್ಸಿಲ್ಲದವರು ತೀರ ಕಡಿಮೆ. ‘ಇವತ್ತು ಬೇಡ’ ಎಂದದ್ದನ್ನು ‘ಇನ್ನು ಯಾವತ್ತೂ ಬೇಡ’ ಎಂದು ತಿಳಿದವರೇ ಹೆಚ್ಚು.

ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಹಲವು ಶಿಬಿರಗಳಲ್ಲಿ ನೀಲಿ ದ್ರಾವಣದೊಳಗೆ ಬಿಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಅದೇ ಮೈಲುತುತ್ತ. ಹನಿ ಸರಸರನೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ. ತೇಲಿದರೆ ಕಡಿಮೆ. ದಾನಿಗೆ ಡೆಸಿಲೀಟರಿಗೆ 12.5 ಗ್ರಾಂ ಇರಬೇಕು. ಆ ಹನಿ ಹೇಳಿದ್ದು ಆ ದಿನದ ಮಾತು ಮಾತ್ರ. ಉಳಿದ ಹಲವು ಕಾರಣಗಳೂ ಹೀಗೆಯೇ: ಹಚ್ಚೆ ಹಾಕಿಸಿಕೊಂಡರೆ 12 ತಿಂಗಳು, ಮಲೇರಿಯಾ ವಾಸಿಯಾದ ಮೇಲೆ 3 ತಿಂಗಳು ಕಾದರೆ ಸಾಕು. ಮಾತ್ರೆಯಿಂದ ಸಕ್ಕರೆ ಹತೋಟಿಯಲ್ಲಿದ್ದರೆ ವೈದ್ಯರು ನೋಡಿ ಒಪ್ಪುವುದುಂಟು. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಕೊಡುವಂತಿಲ್ಲ.

ನಿಮ್ಮಂಥವರು ಮರಳಿ ಬರಲಿ ಎಂದು ನಾನು ಇಷ್ಟು ಹಂಬಲಿಸುವುದಕ್ಕೆ ಕಾರಣವಿದೆ. ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ ಮಾತ್ರ ರಕ್ತ ಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ತೀವ್ರ ಥಲಸ್ಸೇಮಿಯಾ (ಮೈಯಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದ ಬರುವ ಕಾಯಿಲೆ) ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಅದೂ ಬದುಕಿನುದ್ದಕ್ಕೂ. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಲೇಬೇಕು. ಅಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಸರದಿಯಲ್ಲಿ ನಿಂತರೂ ಎಷ್ಟು ವರ್ಷ ನಡೆದೀತು? ಕೂಡಿಡೋಣವೆಂದರೆ ಕೆಂಪು ರಕ್ತಕಣಗಳು ಉಳಿಯುವುದು ಹೆಚ್ಚೆಂದರೆ 42 ದಿನ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಬರೀ 5 ದಿನ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳೂ ಕಡಿಮೆ. ಸಾಧ್ಯವಾದರೆ ಆ ಬೇಸಿಗೆಯಲ್ಲೇ ಬನ್ನಿ.

ಅದಕ್ಕೆ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಈಗಲೂ ಕಡಿಮೆಯಿದ್ದರೆ ಕಾರಣವೇನೆಂದು ವೈದ್ಯರನ್ನು ಕೇಳಿ. ರಕ್ತದಾನ ಹಾಗಿರಲಿ, ನಿಮ್ಮ ಆರೋಗ್ಯಕ್ಕೇ ಅದು ಅಗತ್ಯ. ಸೊಪ್ಪು, ಕಾಳು ತಿನ್ನಿ, ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕೊಡುವ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಚೆನ್ನಾಗಿ ನೀರು ಕುಡಿದು ಬನ್ನಿ.

ಹಳೆಯ ದಾನಿ ಕಾರ್ಡ್ ಕಳೆದಿದ್ದರೂ ಚಿಂತೆಯಿಲ್ಲ. ಈಗಿನ ಮೊಬೈಲ್ ಸಂಖ್ಯೆಯನ್ನು ಮಾತ್ರ ತಪ್ಪದೆ ಬರೆಸಿ. ಕಾಲೇಜಿನ ದಿನಗಳ ಸಂಖ್ಯೆಗೆ ಕರೆ ಮಾಡಿದಾಗಲೆಲ್ಲ ಬೇರೆ ಯಾರೋ ಎತ್ತಿಕೊಳ್ಳುತ್ತಾರೆ, ಕೊಡಲು ಸಿದ್ಧರಿರುವ ನಿಮ್ಮಂಥವರು ನಮ್ಮ ಕೈಗೆ ಸಿಗುವುದೇ ಇಲ್ಲ.