ಅಪ್ಪ ತೀರಿಕೊಂಡಿದ್ದಾರೆ. ದುಃಖದ ಕಾದಂಬರಿ ಓದಿದರೆ ನೋವು ಜಾಸ್ತಿಯಾಗುತ್ತಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಅಪ್ಪ ಹೋಗಿ ನಾಲ್ಕು ತಿಂಗಳು, ಕೋಣೆಯಿಂದ ಹೊರಗೆ ಬರೋಕೆ ಮನಸ್ಸಿಲ್ಲ, ಮ್ಯಾಕ್ಸ್ ಪೋರ್ಟರ್ ಬರೆದ ‘ಗ್ರೀಫ್ ಈಸ್ ದಿ ಥಿಂಗ್ ವಿತ್ ಫೆದರ್ಸ್’ ಓದಲಾ ಬೇಡವಾ ಅಂತ ಕೇಳಿದ್ದೀರಿ. ಅದೇ ಪುಸ್ತಕವನ್ನು ಅದೇ ಸ್ಥಿತಿಯಲ್ಲಿ ಓದಿದವನು ನಾನು.

ನಮ್ಮದು ದಾವಣಗೆರೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು, ಅದು ಮುಚ್ಚಿದ ಮೇಲೆ ಮಂಡಕ್ಕಿ ಅಂಗಡಿ ಇಟ್ಟರು. ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಕಾಗೆಗಳಿಗೆ ಒಂದು ಹಿಡಿ ಮಂಡಕ್ಕಿ ಹಾಕಿಯೇ ಅಂಗಡಿಗೆ ಹೊರಡುತ್ತಿದ್ದರು. 2019ರಲ್ಲಿ ಹೋದರು. ಹನ್ನೊಂದನೇ ದಿನ ಎಡೆ ಇಟ್ಟೆವು. ಅನ್ನ, ಹೋಳಿಗೆ, ಅಪ್ಪನಿಗೆ ಇಷ್ಟದ ಮಿರ್ಚಿ, ಎಲ್ಲ ಇತ್ತು. ಒಂದು ಕಾಗೆಯೂ ಮುಟ್ಟಲಿಲ್ಲ. ‘ಏನೋ ಆಸೆ ಉಳಿಸ್ಕಂಡು ಹೋಗ್ಯಾನೆ’ ಎಂದರು ನೆಂಟರು. ನನಗೆ ತಡೆಯಲಾಗದ ಸಿಟ್ಟು ಬಂತು. ಎಲ್ಲರ ಮೇಲೂ ಕೂಗಾಡಿ ಕೋಣೆ ಸೇರಿದೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೆ, ಹೊರಗೆ ಬರುವ ಅಗತ್ಯವೇ ಬೀಳಲಿಲ್ಲ. ಅವ್ವ ಬಾಗಿಲಲ್ಲಿ ತಟ್ಟೆ ಇಟ್ಟು, ‘ಯಾಕಪ್ಪಾ ಹಿಂಗೆ ಬಾಗ್ಲು ಹಾಕ್ಕಂಡು ಕೂತೀಯ’ ಅಂತ ಕೇಳಿ ಹೋಗುತ್ತಿದ್ದಳು.

ಆಗ ಸಿಕ್ಕಿತು ಈ ಕಾದಂಬರಿ. 2015ರದ್ದು, ತುಂಬಾ ಚಿಕ್ಕದು. ಲಂಡನ್ನಿನ ಒಂದು ಮನೆ. ಹೆಂಡತಿ ಇದ್ದಕ್ಕಿದ್ದಂತೆ ಸತ್ತಿದ್ದಾಳೆ. ಗಂಡ ಟೆಡ್ ಹ್ಯೂಸ್ ಎಂಬ ಕವಿಯ ಬಗ್ಗೆ ಪುಸ್ತಕ ಬರೆಯುತ್ತಿದ್ದಾನೆ. ಆ ಹ್ಯೂಸ್ 1970ರಲ್ಲಿ ಕಾಗೆಯ ಮೇಲೇ ಒಂದು ಸಂಕಲನ ತಂದಿದ್ದರು. ಒಂದು ರಾತ್ರಿ ಅಂಥದ್ದೇ ಕಾಗೆ ಮನೆಗೆ ಬಂದುಬಿಡುತ್ತದೆ. ಆಳನ್ನೇ ಎತ್ತುವಷ್ಟು ದೊಡ್ಡದು, ಮೈಯೆಲ್ಲ ನಾತ, ಬಾಯಿ ಹೊಲಸು. ನಿಮಗೆ ನಾನು ಬೇಡವಾಗುವ ತನಕ ಹೋಗಲ್ಲ ಅನ್ನುತ್ತದೆ. ಮಕ್ಕಳನ್ನು ನೋಡಿಕೊಳ್ಳುತ್ತದೆ, ಕಾಡಿಸುತ್ತದೆ, ಕಥೆ ಹೇಳುತ್ತದೆ. ಎಡೆ ಮುಟ್ಟದ ಕಾಗೆಯ ಮೇಲೆ ಸಿಟ್ಟಾದವನಿಗೆ ಇದು ಹೇಗೆ ತಾಗಿರಬೇಕು ನೋಡಿ. ಮೂರು ಸಲ ಓದಿದೆ.

ನನ್ನ ತಪ್ಪು ಆ ಓದಿನಲ್ಲೇ ಇತ್ತು. ಅದನ್ನು ಬಿಡಿಸಿ ಹೇಳಲೇಬೇಕು. ಪುಸ್ತಕದಲ್ಲಿ ಮೂರು ದನಿಗಳಿವೆ. ಅಪ್ಪ, ಕಾಗೆ, ಹುಡುಗರು. ಹುಡುಗರು ಇಬ್ಬರು, ಹೆಸರಿಲ್ಲ, ಒಟ್ಟಿಗೇ ಮಾತಾಡುತ್ತಾರೆ. ನಾನು ಅಪ್ಪನ ಸಾಲುಗಳ ಕೆಳಗೆ ಗೆರೆ ಎಳೆದೆ. ಕಾಗೆಯ ಮಾತನ್ನು ಬಾಯಿಪಾಠ ಮಾಡಿದೆ. ಹುಡುಗರ ಭಾಗ ಬಂದರೆ ಕಣ್ಣಾಡಿಸಿ ಪುಟ ತಿರುಗಿಸುತ್ತಿದ್ದೆ. ಮೂರು ಸಲವೂ ಹಾಗೇ. ಮನೆಯಲ್ಲಿ ಸಾವಾಗಿದೆ, ದುಃಖ ಮಾತ್ರ ನನ್ನೊಬ್ಬನದು ಅಂತ ಓದುತ್ತಿದ್ದೆ. ಆ ಹುಡುಗರು ಬೇಕಂತಲೇ ಡ್ರಾಯರ್ ಮುಚ್ಚದೆ ಬಿಡುತ್ತಾರೆ, ಅಮ್ಮನಿಗೆ ಸೇರದ್ದೆಲ್ಲ ಮಾಡುತ್ತಾರೆ, ಅವಳು ಬೇಕು ಅನ್ನಿಸುತ್ತಲೇ ಇರಲಿ ಅಂತ. ಆ ಪುಟ ನನ್ನ ಕಣ್ಣೆದುರೇ ಹಾದುಹೋಗಿತ್ತು. ನಿಲ್ಲಲಿಲ್ಲ.

ಪಕ್ಕದ ಕೋಣೆಯಲ್ಲಿ ತಮ್ಮ ಇದ್ದ. ಎರಡನೇ ಪಿಯುಸಿ. ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೋಗಿ ಸಂಜೆ ಬರುತ್ತಿದ್ದ. ಶೇಕಡಾ 75 ಹಾಜರಾತಿ ಇಲ್ಲ, ಪರೀಕ್ಷೆಗೆ ಕೂರಿಸಲ್ಲ ಅಂತ ಕಾಲೇಜಿನಿಂದ ಫೋನ್ ಬಂದಾಗಲೇ ಗೊತ್ತಾಗಿದ್ದು, ಅವನು ದಿನಾ ಹೋಗುತ್ತಿದ್ದದ್ದು ಕುಂದವಾಡ ಕೆರೆ ಏರಿಗೆ. ಏನೋ ಮಾಡ್ತಿದ್ದೆ ಅಲ್ಲಿ ಅಂದರೆ ಬ್ಯಾಗ್ ತೆಗೆದು ತೋರಿಸಿದ. ತಳದಲ್ಲಿ ಮಂಡಕ್ಕಿ ಚೂರು. ‘ಒಂದಾದ್ರೂ ಕಾಗೆ ಮುಟ್ಟುತ್ತೇನೋ ಅಂತ, ಅಣ್ಣಾ.’

ಅವನ ಒಂದು ವರ್ಷ ಹೋಯಿತು.

ನೋವು ಜಾಸ್ತಿಯಾಗುತ್ತಾ ಕಡಿಮೆಯಾಗುತ್ತಾ ಅನ್ನೋ ಲೆಕ್ಕವನ್ನೇ ಬಿಡಿ. ಪುಸ್ತಕ ಅಂದ್ರೆ ಜ್ವರದ ಮಾತ್ರೆ ಅಲ್ಲ. ನಗಿಸುವ ಪುಸ್ತಕ ಓದು ಅನ್ನುವ ಗೆಳೆಯರ ಮಾತೂ ಕೇಳಬೇಡಿ. ಇದನ್ನೇ ಓದಿ, ಆದರೆ ಪಡಸಾಲೆಯಲ್ಲಿ ಕೂತು ಓದಿ. ಹುಡುಗರ ಭಾಗವನ್ನು ಮೊದಲು ಓದಿ. ತಂಗಿ ಹಾಸ್ಟೆಲ್‌ನಲ್ಲಿ ಇದ್ದಾಳೆ ಅಂತ ನಿಮ್ಮ ಪ್ರಶ್ನೆಯಲ್ಲಿ ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಪುಸ್ತಕ ಆಮೇಲೆ, ಇವತ್ತು ಅವಳಿಗೆ ಫೋನ್ ಮಾಡಿ.

ಆ ಬೇಸಿಗೆಯಲ್ಲಿ ತಮ್ಮನಿಗೆ ಇಡೀ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾ ಓದಿದೆ. ಅವ್ವ ಅಕ್ಕಿ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕೊನೆಯಲ್ಲಿ ಅಪ್ಪ ಮಕ್ಕಳು ಸಮುದ್ರದ ದಂಡೆಯಲ್ಲಿ ಅಮ್ಮನ ಬೂದಿ ಬಿಡುತ್ತಾರೆ. ಅಲ್ಲಿಗೆ ಬಂದಾಗ ಅವ್ವ ಮೊರ ಕೆಳಗಿಟ್ಟು ಕೇಳಿದಳು: ‘ಅಷ್ಟು ದಿನ ಮನ್ಯಾಗೇ ಇತ್ತಲ್ಲಪ್ಪಾ ಆ ಕಾಗೆ, ಅದಕ್ಕೆ ತಿನ್ನೋಕೆ ಏನು ಹಾಕ್ತಿದ್ರಂತೆ?’

ತಮ್ಮ ಎದ್ದು ಒಳಗಿಂದ ಮಂಡಕ್ಕಿ ಡಬ್ಬ ತಂದ. ಅಪ್ಪ ಹೋದ ಮೇಲೆ ಮೊದಲ ಸಲ ಮೂವರೂ ಮಾಳಿಗೆ ಹತ್ತಿದೆವು.